ಮೊದಲು ನನ್ನ ತಪ್ಪು ಹೇಳ್ತೇನೆ

ಕೊಪ್ಪದಲ್ಲಿ ಈಗ ಅವನ ಹೆಸರಿನಲ್ಲೊಂದು ವೃತ್ತ ಇದೆ. ವೃತ್ತ ಎಂದು ಬೋರ್ಡು ಹೇಳುತ್ತದೆ ಅಷ್ಟೇ. ನಿಜಕ್ಕೂ ಅದು ಮೂರು ರಸ್ತೆ ಸೇರುವ ಒಂದು ಇಕ್ಕಟ್ಟಿನ ಜಾಗ. ಅಲ್ಲಿ ಬಸ್ಸು ತಿರುಗಿಸುವ ಡ್ರೈವರುಗಳ ಬೈಗುಳ ಮೊದಲಿನಿಂದಲೂ ಪ್ರಸಿದ್ಧ. ಬೋರ್ಡಿನ ಮೇಲೆ ಸಮವಸ್ತ್ರದಲ್ಲಿರುವ ಅವನ ಫೋಟೊ ಇದೆ. ಶೃಂಗೇರಿಗೆ ಹೋಗುವ ಪ್ರವಾಸಿಗಳು ಕಾರು ನಿಲ್ಲಿಸಿ ಅದರೆದುರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಫೋಟೊದಲ್ಲಿ ಅವನು ಬಹಳ ಗಂಭೀರವಾಗಿದ್ದಾನೆ. ಅಷ್ಟು ಗಂಭೀರವಾಗಿ ನಾನು ಅವನನ್ನು ನೋಡಿದ್ದು ಬಸ್ಸಿನಲ್ಲಿ ವಾಂತಿ ತಡೆದುಕೊಂಡು ಕೂತಿದ್ದಾಗ ಮಾತ್ರ.

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವನ ತಾಯಿಯ ಷರತ್ತು. "ಬರೀರಿ ಮೇಷ್ಟ್ರೇ, ಕಥೆ ಕಟ್ಟೋರ ಬಾಯಿ ಸ್ವಲ್ಪ ಮುಚ್ಚಲಿ. ಆದ್ರೆ ಎಂತ ಆಯ್ತು ಅಂತ ಬರೀರಿ, ಯಾರು ಅಂತ ಬೇಡ" ಎಂದರು. ಅವನು ಯುದ್ಧವಿಮಾನದ ಪೈಲಟ್ ಆಗಿದ್ದ, ಹಾರಾಟದಲ್ಲಿ ತೀರಿಕೊಂಡ ಎಂಬುದು ಬೋರ್ಡಿನಲ್ಲಿದೆ. ಹೇಗೆ ತೀರಿಕೊಂಡ ಎಂಬುದಿಲ್ಲ. ಅದೊಂದನ್ನು ತಿಳಿಯಲು ಅವನ ತಾಯಿ ಎಷ್ಟು ಜನರನ್ನು ಕೇಳಿದರು, ಕೊನೆಗೆ ಹೇಗೆ ತಿಳಿದುಕೊಂಡರು ಎಂಬುದನ್ನು ನಾನು ಹತ್ತಿರದಿಂದ ನೋಡಿದವನು. ಹಾಗಾಗಿ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು. ಈಗ ನಿವೃತ್ತ. ಪಿ.ಟಿ. ಮೇಷ್ಟ್ರುಗಳಿಗೆ ಎರಡು ಸುಖ. ಪರೀಕ್ಷೆ ಪೇಪರು ತಿದ್ದುವ ಕೆಲಸವಿಲ್ಲ, ಮತ್ತು ಯಾವ ಶಿಷ್ಯ ಮುಂದೆ ಬಂದರೂ ಅವನ ಗುಣವೆಲ್ಲ ಮೈದಾನದಲ್ಲೇ ಬಂದದ್ದು ಎಂದು ಕೊಚ್ಚಿಕೊಳ್ಳಬಹುದು. ನಾನು ಎರಡನೆಯದನ್ನು ಧಾರಾಳವಾಗಿ ಮಾಡಿದ್ದೇನೆ. ಆದರೆ ಇವನ ವಿಷಯದಲ್ಲಿ ನಿಜ ಹೇಳಬೇಕೆಂದರೆ, ಅವನು ನನ್ನ ಕೈಗೆ ಬರುವಾಗಲೇ ತಯಾರಾಗಿದ್ದ. ನಾನು ಮಾಡಿದ್ದು ಅವನನ್ನು ವಾಲಿಬಾಲ್ ತಂಡದಲ್ಲಿ ಲಿಫ್ಟರ್ ಜಾಗದಲ್ಲಿ ನಿಲ್ಲಿಸಿದ್ದು ಮಾತ್ರ. ಲಿಫ್ಟರ್ ಎಂದರೆ ನೆಟ್ಟಿನ ಪಕ್ಕ ನಿಂತು, ಹೊಡೆಯುವವನಿಗೆ ಚೆಂಡನ್ನು ಹದವಾಗಿ ಎತ್ತಿಕೊಡುವವನು. ಚಪ್ಪಾಳೆ ಹೊಡೆಯುವವನಿಗೆ ಬೀಳುತ್ತದೆ, ಬೈಗುಳ ಇವನಿಗೆ. ಆ ವಯಸ್ಸಿನ ಹುಡುಗರಲ್ಲಿ ಆ ಜಾಗಕ್ಕೆ ಯಾರೂ ಮುಂದೆ ಬರುವುದಿಲ್ಲ. ಇವನು ಬಂದ. ಗಿಡ್ಡ ಇದ್ದ, ಬೇರೆ ಜಾಗ ಸಿಗುತ್ತಿರಲಿಲ್ಲ ಎಂಬುದೂ ಒಂದು ಕಾರಣ.

ಹೊಡೆಯುವವನು ಚೆಂಡನ್ನು ನೆಟ್ಟಿಗೆ ಬಡಿದು ಪಾಯಿಂಟು ಕಳೆದಾಗ ಎಲ್ಲರೂ ಅವನ ಮುಖ ನೋಡುತ್ತಾರೆ. ಇವನು ಮಾತ್ರ ಕೈ ಎತ್ತಿ "ನಂದು, ಸ್ವಲ್ಪ ಗಿಡ್ಡ ಕೊಟ್ಟೆ" ಎನ್ನುತ್ತಿದ್ದ. ಮೊದಮೊದಲು ನನಗದು ಒಳ್ಳೆಯವನೆನಿಸಿಕೊಳ್ಳುವ ಉಪಾಯ ಎಂದು ಕಂಡು ಸಿಟ್ಟೇ ಬಂದಿತ್ತು. ಆಮೇಲೆ ಗಮನಿಸಿದೆ, ಅವನು ಸುಳ್ಳು ಹೇಳುತ್ತಿರಲಿಲ್ಲ. ಚೆಂಡು ನಿಜವಾಗಿಯೂ ಗಿಡ್ಡ ಹೋಗಿರುತ್ತಿತ್ತು. ತನ್ನದಲ್ಲದಿದ್ದಾಗ ಕೈ ಎತ್ತುತ್ತಲೂ ಇರಲಿಲ್ಲ.

ಅವನ ಅಪ್ಪ ಬಸರೀಕಟ್ಟೆ ಕಡೆ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಿದ್ದವರು. ಮಗ ಹೈಸ್ಕೂಲಿಗೆ ಬರುವ ಮೊದಲೇ ತೀರಿಕೊಂಡರು. ತಾಯಿ ಕೊಪ್ಪದ ಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದಾರೆ. ಊರಿಗೆಲ್ಲ ಟೈಲರಮ್ಮ. ಜೂನ್ ಬಂತೆಂದರೆ ಅರ್ಧ ತಾಲೂಕಿನ ಮಕ್ಕಳು ಅವರು ಹೊಲಿದ ಯೂನಿಫಾರ್ಮಿನಲ್ಲೇ ಶಾಲೆಗೆ ಹೋಗಬೇಕು. ಮಾತು ಕಡಿಮೆ ಏನಲ್ಲ, ಆದರೆ ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತೆಲ್ಲ ಅಡ್ಡಡ್ಡವಾಗಿ ಬರುತ್ತದೆ. ಮಗ ಮೊದಲ ಸಲ ಆಯ್ಕೆ ಪರೀಕ್ಷೆಗೆ ಹೊರಟಾಗ ಒಂದು ಪ್ಯಾಂಟು ಹೊಲಿದುಕೊಟ್ಟಿದ್ದರು. ಅವನು ಅಲ್ಲಿ ಓಡಬೇಕು, ಗೋಡೆ ಹತ್ತಬೇಕು ಎಂದು ಕೇಳಿ, ಹರಿಯದಂತೆ ಎರಡೆರಡು ಹೊಲಿಗೆ ಹಾಕಿದ್ದರಂತೆ. "ಸರ್, ಪ್ಯಾಂಟ್ ಹರೀಲಿಲ್ಲ, ಆದ್ರೆ ನಂಗೆ ಕೂರ್ಲಿಕ್ಕೇ ಆಗ್ಲಿಲ್ಲ" ಎಂದು ವಾಪಸು ಬಂದು ಹೇಳಿದ. ಆ ಸಲ ಆಯ್ಕೆಯಾಗಲಿಲ್ಲ. ಮುಂದಿನ ಸಲ ಆದ.

ಅವನು ಪೈಲಟ್ ಆದ ಮೇಲೆ ನಮ್ಮ ಪೇಟೆಯಲ್ಲೊಂದು ಹೊಸ ರೂಢಿ ಹುಟ್ಟಿತು. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಟೈಲರಮ್ಮನ ಅಂಗಡಿಯ ಹೆಂಗಸರೆಲ್ಲ ಹೊರಗೆ ಬಂದು ಕೈ ಬೀಸುವುದು. ಅದು ಮಂಗಳೂರಿಗೆ ಹೋಗುವ ಪ್ರಯಾಣಿಕರ ವಿಮಾನ ಎಂದು ನಾನು ಎಷ್ಟು ಹೇಳಿದರೂ ಕೇಳುವವರಿಲ್ಲ. ಅವನೇ ರಜೆಗೆ ಬಂದಾಗ ನಕ್ಕು ನಕ್ಕು ಸುಸ್ತಾಗಿ, "ಅಮ್ಮ, ನಾನು ಇರೋದು ಎಲ್ಲೋ ಉತ್ತರದಲ್ಲಿ. ಅಲ್ಲಿಂದ ಹೇಳ್ದೆ ಕೇಳ್ದೆ ಕೊಪ್ಪದ ಮೇಲೆ ಬಂದ್ರೆ ನನ್ನ ಮನೆಗೇ ಕಳಿಸ್ತಾರೆ" ಎಂದ.

ಟೈಲರಮ್ಮ ಸೂಜಿ ತೆಗೆಯದೆಯೇ ಹೇಳಿದರು: "ನೀನೇ ಆಗ್ಬೇಕಂತ ಎಂತ ಇಲ್ಲ. ಯಾರದ್ದೋ ಮಗ ಓಡಿಸ್ತಿರ್ತಾನಲ."

ರಜೆಯಲ್ಲಿ ಬಂದವನನ್ನು ನೋಡಿದರೆ ಯಾರೂ ಪೈಲಟ್ ಎನ್ನುತ್ತಿರಲಿಲ್ಲ. ಲುಂಗಿ ಸುತ್ತಿಕೊಂಡು, ಹಳೆ ಸ್ಕೂಟರಿನಲ್ಲಿ ಜಯಪುರದ ಸಂತೆಗೆ ಹೋಗಿ ತಾಯಿಗೆ ಮೀನು ತಂದುಕೊಡುತ್ತಿದ್ದ. ಹುಡುಗರು ಮುತ್ತಿಕೊಂಡು ವಿಮಾನದ ಸ್ಪೀಡು ಎಷ್ಟು ಎಂದು ಕೇಳಿದರೆ ಅಂಕಿ ಹೇಳುತ್ತಿರಲಿಲ್ಲ. "ಇಲ್ಲಿ ಬಸ್ಸು ಹತ್ತಿ ಶೃಂಗೇರಿಗೆ ಟಿಕೆಟ್ ತಗೊಳ್ರಿ. ಕಂಡಕ್ಟರ್ ಚಿಲ್ಲರೆ ವಾಪಸ್ ಕೊಡೋದ್ರೊಳಗೆ ನಾವು ಶೃಂಗೇರಿ ದಾಟಿರ್ತೀವಿ" ಎನ್ನುತ್ತಿದ್ದ. ಅಷ್ಟು ಹೇಳುವವನಿಗೆ ಆ ಬಸ್ಸಿನಲ್ಲಿ ಕೂತು ಶೃಂಗೇರಿಗೆ ಹೋಗಲು ಧೈರ್ಯವಿರಲಿಲ್ಲ. ತಿರುವಿನ ರಸ್ತೆ, ಹಿಂದಿನ ಸೀಟು, ಡೀಸೆಲ್ ವಾಸನೆ, ಮುಗಿಯಿತು. ಒಂದು ಸಲ ನಾವಿಬ್ಬರೂ ಒಟ್ಟಿಗೆ ಹೋಗುವಾಗ ನಿಂಬೆಹಣ್ಣು ಮೂಗಿಗೆ ಹಿಡಿದು ಕೂತಿದ್ದ. ಆಕಾಶದಲ್ಲಿ ತಲೆಕೆಳಗಾಗುವವನು ನೀನು, ನಿನಗೆಂತ ಆಯ್ತು ಮಾರಾಯ ಎಂದೆ. "ಸರ್, ಅಲ್ಲಿ ಸ್ಟೇರಿಂಗ್ ನನ್ನ ಕೈಯಲ್ಲಿರುತ್ತೆ. ಇಲ್ಲಿ ನೋಡಿ ಯಾರ ಕೈಯಲ್ಲಿದೆ" ಎಂದು ಡ್ರೈವರನ್ನು ತೋರಿಸಿದ. ಡ್ರೈವರು ಒಂದು ಕೈಯಲ್ಲಿ ಫೋನು ಹಿಡಿದಿದ್ದ. ನಾನೂ ನಿಂಬೆಹಣ್ಣು ಕೇಳಿ ಪಡೆದುಕೊಂಡೆ.

ಇನ್ನು ಕಮ್ಮರಡಿಯ ಪಂದ್ಯದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ನಾನು ನಿವೃತ್ತನಾಗಿದ್ದರೂ ಪೇಟೆಯ ಹುಡುಗರ ವಾಲಿಬಾಲ್ ತಂಡವನ್ನು ಬಿಟ್ಟಿರಲಿಲ್ಲ. ಕಮ್ಮರಡಿಯ ಫೈನಲ್ಲಿನಲ್ಲಿ ಗೆಲ್ಲಬೇಕಾದ ಆಟ ಸೋತೆವು. ಹುಡುಗರು ಒಬ್ಬರನ್ನೊಬ್ಬರು ದೂರುತ್ತಿದ್ದರು, ನಾನು ಎಲ್ಲರನ್ನೂ ದೂರುತ್ತಿದ್ದೆ. ರಜೆಯಲ್ಲಿದ್ದ ಅವನೂ ಬಂದಿದ್ದ. ನಮ್ಮನ್ನೆಲ್ಲ ವೇದಿಕೆಯ ಹಿಂದೆ ಕರೆದುಕೊಂಡು ಹೋಗಿ ನೆಲದ ಮೇಲೆ ಸುತ್ತಲೂ ಕೂರಿಸಿದ. ನನ್ನ ಕುತ್ತಿಗೆಯಿಂದ ಸೀಟಿ ತೆಗೆದು ಪಕ್ಕಕ್ಕಿಟ್ಟ. ನಲವತ್ತು ವರ್ಷದ ಹತ್ತಿರ ಆ ಸೀಟಿ ನನ್ನ ಕುತ್ತಿಗೆಯಲ್ಲಿತ್ತು, ಹೆಂಡತಿ ಕೂಡ ಮುಟ್ಟಿದವಳಲ್ಲ.

"ನಮ್ಮಲ್ಲಿ ಒಂದು ಕ್ರಮ ಇದೆ" ಎಂದ. "ಹಾರಿ ಇಳಿದ ಮೇಲೆ ಎಲ್ಲರೂ ಒಂದು ಕೋಣೆಯಲ್ಲಿ ಕೂರ್ತೀವಿ. ಡಿಬ್ರೀಫ್ ಅಂತಾರೆ. ಅಲ್ಲಿ ಸರ್ ಇಲ್ಲ, ಜೂನಿಯರ್ ಇಲ್ಲ. ದೊಡ್ಡವರು ಯಾರಿದ್ದಾರೋ ಅವರು ಮೊದಲು ಅವರ ತಪ್ಪು ಹೇಳ್ಬೇಕು. ಆಮೇಲೆ ಉಳಿದವರು. ತಪ್ಪು ಹೇಳಿದ ಮೇಲೆ 'ಆದ್ರೆ' ಅಂತ ಸೇರಿಸೋ ಹಾಗಿಲ್ಲ. ಮುಂದಿನ ಸಲ ಎಂತ ಮಾಡ್ತೀನಿ ಅಂತ ಹೇಳಿ ಮುಗಿಸ್ಬೇಕು. ಮುಗಿದ ಮೇಲೆ ಚಾ. ಹೊರಗೆ ಹೋಗಿ ಅದನ್ನ ಮತ್ತೆ ಎತ್ತಿ ಯಾರಿಗೂ ಚುಚ್ಚೋ ಹಾಗಿಲ್ಲ."

"ತಪ್ಪೇ ಆಗದಿದ್ರೆ?" ಎಂದು ಒಬ್ಬ ಹುಡುಗ ಕೇಳಿದ.

"ಹಂಗಿರೋ ಹಾರಾಟ ನಾನಿನ್ನೂ ನೋಡಿಲ್ಲ" ಎಂದು ನನ್ನ ಕಡೆ ತಿರುಗಿದ. "ಸರ್, ನೀವು ದೊಡ್ಡವರು. ಶುರು ಮಾಡಿ."

ನಾನು ಗಂಟಲು ಸರಿಮಾಡಿಕೊಂಡೆ. "ಅಂಪೈರ್ ಸರಿ ಇರ್ಲಿಲ್ಲ" ಎಂದೆ.

"ಅದು ಅಂಪೈರ್ ತಪ್ಪು ಸರ್. ಅವರು ಇಲ್ಲಿಲ್ಲ. ನಿಮ್ಮದು ಹೇಳಿ."

"ನಂದು ಎಂತದು ಮಾರಾಯ? ನಾನು ಆಡಿದ್ನಾ?"

ಅವನು ಕಾದ. ಹುಡುಗರೂ ಕಾದರು. ಕೊನೆಗೆ, ಹುಡುಗರು ದಣಿದದ್ದು ಕಂಡರೂ ಟೈಮ್‌ಔಟ್ ತೆಗೆದುಕೊಳ್ಳಲು ತಡಮಾಡಿದೆ ಎಂದು ಹೇಳಿದೆ. ಹೇಳಿ 'ಆದ್ರೆ' ಎನ್ನಲು ಬಾಯಿ ತೆರೆದೆ, ಅವನು ಬೆರಳು ಎತ್ತಿದ. ಆಮೇಲೆ ಅವನೇ ಹೇಳಿದ: "ನಂದು, ಹೊರಗಿಂದ ಕೂಗಿ ಹೇಳಿದ್ದು. ಹುಡುಗರಿಗೆ ಎರಡು ಧ್ವನಿ ಕೇಳಿ ಗಲಿಬಿಲಿ ಆಯ್ತು. ಮುಂದಿನ ಸಲ ಬಾಯಿ ಮುಚ್ಚಿ ಕೂರ್ತೀನಿ." ಅದಾದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಹೇಳಿದ್ದನ್ನು ಕೇಳಿ ನಾನು ದಂಗಾದೆ. ಎಲ್ಲರಿಗೂ ತಮ್ಮ ತಪ್ಪು ಚೆನ್ನಾಗಿ ಗೊತ್ತಿತ್ತು. ಹೇಳಲು ಜಾಗ ಇರಲಿಲ್ಲ, ಅಷ್ಟೇ. ಆ ಜಾಗವನ್ನು ಇಷ್ಟು ವರ್ಷ ನಾನು ಸೀಟಿ ಊದಿ ತುಂಬಿಸಿದ್ದೆ.

ಮನೆಯಲ್ಲೂ ಅವನದು ಇದೇ ಚಾಳಿ. ಒಂದು ದಿನ ನಾನು ಊಟಕ್ಕೆ ಹೋಗಿದ್ದಾಗ ಸಾರಿಗೆ ಉಪ್ಪು ಹೆಚ್ಚಾಗಿತ್ತು. "ಡಿಬ್ರೀಫ್ ಮಾಡುವಾ ಅಮ್ಮ" ಎಂದ. ಟೈಲರಮ್ಮ ಸೌಟು ಹಿಡಿದುಕೊಂಡೇ ಕೂತು, "ನನ್ನ ತಪ್ಪು, ಹಾಕಿದ್ದು ಮರೆತು ಮತ್ತೆ ಹಾಕ್ದೆ. ಮುಂದಿನ ಸಲ ರುಚಿ ನೋಡ್ತೀನಿ. ನಿನ್ನ ತಪ್ಪು, ಮೇಷ್ಟ್ರ ಎದುರಿಗೆ ಸುಮ್ನೆ ಉಣ್ಣದೇ ಇದ್ದದ್ದು" ಎಂದರು. ತಾಯಿಗೆ ಆ ಕ್ರಮ ಮಗನಿಗಿಂತ ಚೆನ್ನಾಗಿ ಕೈವಶವಾಗಿತ್ತು ಎಂದು ನನಗೆ ಆಗಲೇ ಅನ್ನಿಸಿತ್ತು.

ಮೂವತ್ತು ದಾಟಿದ ಮೇಲೆ ಅವನು ಬೇರೆಯವರಿಗೆ ಹಾರಲು ಕಲಿಸುವವನಾದ. ಮದುವೆ ಮಾಡಿಕೋ ಎಂದರೆ, ನನ್ನ ಹುಡುಗರು ಇಳಿಯೋದು ಕಲೀಲಿ ಎನ್ನುತ್ತಿದ್ದ. ಫೋನಿನಲ್ಲೂ ಹುಡುಗರ ಸುದ್ದಿಯೇ. ಒಬ್ಬನಂತೂ ಬಹಳ ಚೆನ್ನಾಗಿ ಹಾರಿಸುತ್ತಾನೆ, ಆದರೆ ಯೋಚನೆ ಜಾಸ್ತಿ, ಹೇಳಿದ್ದನ್ನು ಮಾಡುವ ಮುಂಚೆ ಒಮ್ಮೆ ನನ್ನ ಮುಖ ನೋಡುತ್ತಾನೆ ಎಂದು ಹೇಳಿದ್ದ. ನಮ್ಮ ಕನ್ನಡದವನೇ, ಬಾಗಲಕೋಟೆಯವನು, ರೊಟ್ಟಿ ಇಲ್ಲದೆ ಸೊರಗಿದ್ದಾನೆ ಎಂದೂ ಹೇಳಿ ನಕ್ಕಿದ್ದ.

ಸುದ್ದಿ ಬಂದದ್ದು ಬೆಳಿಗ್ಗೆ. ಅಂಗಡಿಯಲ್ಲಿ ಜೂನ್ ತಿಂಗಳ ಗದ್ದಲ, ನೀಲಿ ಬಟ್ಟೆಯ ರಾಶಿ. ಇಬ್ಬರಿದ್ದ ವಿಮಾನ, ಒಬ್ಬ ಉಳಿದ, ಇವನು ಉಳಿಯಲಿಲ್ಲ. ಅಷ್ಟೇ ಗೊತ್ತಾದದ್ದು. ಆಮೇಲಿನದನ್ನು ನಾನು ವರ್ಣಿಸುವುದಿಲ್ಲ. ರಸ್ತೆಯುದ್ದಕ್ಕೂ ಜನ ನಿಂತಿದ್ದರು, ಎನ್.ಆರ್. ಪುರದಿಂದ, ಶೃಂಗೇರಿಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು, ಸರ್ಕಾರಿ ಗೌರವ ಆಯಿತು. ನಾನು ಅತ್ತೆ. ಟೈಲರಮ್ಮ ಎಲ್ಲರ ಎದುರು ಅಳಲಿಲ್ಲ. ಮೃತದೇಹದ ಜೊತೆಗೆ ಬಂದ ಅಧಿಕಾರಿಯನ್ನು, "ನನ್ನ ಮಗನಿಗೆ ಎಂತ ಆಯ್ತು?" ಎಂದು ಕೇಳಿದರು. ವಿಚಾರಣೆ ಮುಗಿಯದೆ ಹೇಳುವ ಹಾಗಿಲ್ಲ ಅಮ್ಮ ಎಂದು ಅವರು ಕೈಮುಗಿದರು. ಕೆಲವು ತಿಂಗಳ ಮೇಲೆ ವಿಚಾರಣೆ ಮುಗಿಯಿತು, ಹಕ್ಕಿ ಬಡಿದು ಎಂಜಿನ್ ನಿಂತದ್ದು ಎಂದು ತಿಳಿಸಿದರು. ಅದು ಟೈಲರಮ್ಮನಿಗೆ ಸಾಕಾಗಲಿಲ್ಲ.

ಅಷ್ಟರಲ್ಲಿ ಊರಿನವರು ತಮ್ಮ ವಿಚಾರಣೆ ಮುಗಿಸಿದ್ದರು. ಜಯಪುರದ ಹೋಟೆಲಿನಲ್ಲಿ ಅವನು ವೈರಿಯ ವಿಮಾನ ಬೆನ್ನಟ್ಟಿಕೊಂಡು ಹೋಗಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಶಾಲೆಯ ಮೇಲೆ ಬೀಳುವುದನ್ನು ತಪ್ಪಿಸಲು ವಿಮಾನ ತಿರುಗಿಸಿದ್ದ. ನುಡಿನಮನದ ಸಭೆಯಲ್ಲಿ ಒಬ್ಬ ಭಾಷಣಕಾರರು, ಕೊನೆಯ ಕ್ಷಣದಲ್ಲಿ ಅವನು ಶೃಂಗೇರಿಯ ದಿಕ್ಕಿಗೆ ಮುಖ ಮಾಡಿ ಕೈಮುಗಿದನೆಂದರು. ಎರಡು ಕೈಯೂ ಬಿಟ್ಟು ಮುಗಿದರೆ ವಿಮಾನ ಹಿಡಿದವರು ಯಾರು ಎಂದು ಎದ್ದು ಕೇಳಬೇಕೆನ್ನಿಸಿತು. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ನಮ್ಮ ಪದ್ಧತಿ. ನಾಲ್ಕು ಸಾಲದೆ ಬಂದಾಗ ಹುಟ್ಟಿಸಿಕೊಳ್ಳುವುದೂ ಪದ್ಧತಿಯೇ.

ಸಭೆ ಮುಗಿದು ಇಳಿದು ಬರುವಾಗ ಟೈಲರಮ್ಮ ನನ್ನನ್ನು ಕೇಳಿದರು. "ಇದೆಲ್ಲ ಹೌದನಾ ಮೇಷ್ಟ್ರೇ?"

"ಗೊತ್ತಿಲ್ಲಮ್ಮ. ಪ್ರೀತಿಯಿಂದ ಹೇಳ್ತಾರೆ."

"ಹೇಳ್ಲಿ. ನಂಗೆ ದೊಡ್ಡದು ಬೇಡ, ಆದದ್ದು ಬೇಕು. ಇವರೆಲ್ಲ ಹೇಳೋನು ಯಾರೋ ಬೇರೆಯವನು. ನನ್ನ ಮಗ ಕಡೇ ಗಳಿಗೇಲಿ ಎಂತ ಮಾಡ್ತಿದ್ದ ಅಂತ ಗೊತ್ತಾಗದೆ ನಂಗೆ ಅವನ ಮುಖ ನೆನಪಿಗೇ ಬರ್ತಿಲ್ಲ."

ವೃತ್ತದ ಬೋರ್ಡು ಉದ್ಘಾಟನೆಯಾದದ್ದು ಮುಂದಿನ ವರ್ಷ. ಅಂದು ಕಾರ್ಯಕ್ರಮ ಮುಗಿದು ಜನ ಚದುರುವಾಗ ಒಬ್ಬ ಎತ್ತರದ ಯುವಕ ನನ್ನ ಹತ್ತಿರ ಬಂದ. ಸಾದಾ ಶರ್ಟು, ಸೊಂಟಕ್ಕೆ ಬೆಲ್ಟು ಕಟ್ಟಿದವರ ಹಾಗೆ ಬೆನ್ನು ನೆಟ್ಟಗೆ. "ಸರ್ ಅವರ ತಾಯಿಯವರ ಅಂಗಡಿ ಎಲ್ಲೈತ್ರಿ?" ಎಂದ. ಆ ಬಾಗಲಕೋಟೆ ಕಡೆಯ ಮಾತು ಕೇಳಿದೊಡನೆ ಯಾರೆಂದು ನನಗೆ ಗೊತ್ತಾಯಿತು. ಇವನನ್ನು ಕರೆದುಕೊಂಡು ಹೋಗುವುದು ಸರಿಯೋ ತಪ್ಪೋ ತಿಳಿಯದೆ, ಕರೆದುಕೊಂಡು ಹೋದೆ.

ಟೈಲರಮ್ಮ ಉದ್ಘಾಟನೆಗೆ ಉಟ್ಟ ಸೀರೆಯಲ್ಲೇ ಮಿಷಿನ್ನಿನ ಮುಂದೆ ಕೂತಿದ್ದರು. ಹುಡುಗ ಬಾಗಿಲಲ್ಲೇ ನಿಂತು ಹೇಳಿಬಿಟ್ಟ: "ನಾ ಆವತ್ತು ಸರ್ ಜೋಡಿ ಇದ್ದೆ ರೀ ಅವ್ವಾರ."

ಮಿಷಿನ್ನು ನಿಂತಿತು. ಅವರು ಬಾಯಿಂದ ಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದರು. "ಬಾ, ಕೂತ್ಕೊ. ಮೇಷ್ಟ್ರೇ, ಆ ಷಟರ್ ಸ್ವಲ್ಪ ಎಳೀರಿ."

ಸ್ಟೂಲಿನ ಮೇಲೆ ಕೂತವನು ತಲೆ ಎತ್ತಲಿಲ್ಲ. "ತಪ್ಪು ನಂದೈತ್ರಿ" ಎಂದು ಶುರು ಮಾಡಿದ. ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡು ಬಂದದ್ದು ಸ್ಪಷ್ಟವಾಗಿತ್ತು.

"ತಡಿ" ಎಂದರು ಟೈಲರಮ್ಮ. "ಹಂಗಲ್ಲ ಅದು. ದೊಡ್ಡೋರು ಮೊದ್ಲು ಹೇಳ್ಬೇಕು. ಅವನು ನಿಂಗೆ ಕಲಿಸಿಲ್ವನಾ?"

ಹುಡುಗ ಮುಖ ಎತ್ತಿದ. ಕಲಿಸಿದ್ದಾರೆ ಎಂಬಂತೆ ತಲೆಯಾಡಿಸಿದ.

"ಹಂಗಾದ್ರೆ ಕೇಳು. ಮೊದಲು ನನ್ನ ತಪ್ಪು ಹೇಳ್ತೇನೆ. ಒಬ್ಬ ಉಳಿದ ಅಂದ್ರಲ್ಲ ಆವತ್ತು, ಆ ಒಬ್ಬ ಯಾಕೆ ನನ್ನವನಲ್ಲ ಅಂದ್ಕೊಂಡೆ. ಒಂದಿನ ಅಲ್ಲ, ದಿನಾ ಅಂದ್ಕೊಂಡೆ. ನೀನು ಉಳ್ಕೊಂಡಿದ್ದಕ್ಕೆ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡೆ. ನಿಂಗೂ ಒಬ್ಬಳು ತಾಯಿ ಇದಾಳೆ ಅಂತ ನೆನಪೇ ಮಾಡ್ಕೊಳ್ಳಲಿಲ್ಲ. ಮುಂದಿನ ಸಲ ಆ ಯೋಚನೆ ಬಂದ್ರೆ ಅವಳನ್ನ ನೆನೆಸ್ಕೊಳ್ತೇನೆ. ಮುಗೀತು. ಈಗ ನಿಂದು."

ಹುಡುಗ ಅಳತೊಡಗಿದ. ಅವರು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಳು ನಿಂತ ಮೇಲೆ ಅವನು ಹೇಳಿದ. ನೆಲ ಬಿಟ್ಟು ಮೇಲೆ ಏಳುತ್ತಿದ್ದ ಹಾಗೆಯೇ ಹಕ್ಕಿ ಬಡಿಯಿತು, ಎಂಜಿನ್ ನಿಂತಿತು. ಇನ್ನೂ ಬಹಳ ಕೆಳಗೇ ಇದ್ದರು. ವಿಮಾನ ಒಂದು ಕಡೆ ವಾಲತೊಡಗಿತ್ತು. ವಾಲಿದ ವಿಮಾನದಿಂದ ಹಿಡಿಕೆ ಎಳೆದು ಸೀಟು ಸಮೇತ ಹೊರಗೆ ಹಾರಿದರೆ ಪ್ಯಾರಾಚೂಟು ಬಿಚ್ಚಿಕೊಳ್ಳುವಷ್ಟು ಎತ್ತರ ಸಿಗುವುದಿಲ್ಲ. ಹಾಗಾಗಿ ಹಿಂದಿನ ಸೀಟಿನಲ್ಲಿದ್ದ ಟೈಲರಮ್ಮನ ಮಗ ವಿಮಾನವನ್ನು ನೆಟ್ಟಗೆ ಹಿಡಿದು, ಹೊರಗೆ ಹಾರು ಎಂದ.

"ಸರ್ ಹೇಳಿದ್ದು ಕೇಳಿಸ್ತ್ರಿ. ಆದ್ರ..." ಎಂದು ನಿಲ್ಲಿಸಿಕೊಂಡ. ಆ ಮಾತು ಅಲ್ಲಿ ಸಲ್ಲದು ಎಂಬುದು ಅವನಿಗೆ ನೆನಪಾಗಿತ್ತು. "ಕೇಳಿಸಿದ ಕೂಡ್ಲೇ ನಾ ಎಳೀಲಿಲ್ರಿ. 'ಸರ್, ನೀವು?' ಅಂದೆ. ಅವರು ಮತ್ತೊಮ್ಮೆ ಜೋರಾಗಿ ಹೇಳಿದ್ರು. ಆಗ ಎಳದೆ. ಅಷ್ಟ ಹೊತ್ತು ಸಾಕಾತ್ರಿ, ಅವರಿಗೆ ಟೈಮ್ ಉಳೀಲಿಲ್ಲ. ಇದು ನನ್ನ ತಪ್ಪು."

"ಅವನು ಹೇಳೋವಾಗ ಧ್ವನಿ ಹೆಂಗಿತ್ತು?"

"ಮೈದಾನದಾಗ ಹೇಳ್ತಾರಲ್ರಿ, ಹಂಗ. ಹೆದರಿಕಿ ಇರಲಿಲ್ಲ. ಸಿಟ್ಟಿತ್ರಿ, ನಾ ತಡಾ ಮಾಡಿದ್ದಕ್ಕ."

ಟೈಲರಮ್ಮ ಮಿಷಿನ್ನಿನ ಮೇಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: "ಸರಿ. ನನ್ನ ಮಗ ಎಂತ ತಪ್ಪು ಮಾಡ್ದ, ಅದನ್ನೂ ಹೇಳು."

ನನಗೆ ತಡೆಯಲಾಗಲಿಲ್ಲ. "ಬಿಡಿಯಮ್ಮ, ಹೋದವನ ತಪ್ಪು ಹುಡುಕ್ತಾರನಾ?" ಎಂದೆ.

"ನೀವು ಸುಮ್ನಿರಿ ಮೇಷ್ಟ್ರೇ. ಎಲ್ರೂ ಸೇರಿ ಅವನನ್ನ ದೇವರು ಮಾಡಿ ಬೋರ್ಡಿಗೆ ಹಾಕ್ಬಿಟ್ರಿ. ಅವನು ದೇವರಲ್ಲ. ತಪ್ಪಿಲ್ಲದ ಹಾರಾಟ ಇಲ್ಲ ಅಂತ ಅವನೇ ಹೇಳ್ತಿದ್ದ. ಆವತ್ತಿಂದೂ ಹೇಳ್ಲಿ."

"ಸರ್‌ದು ಏನೂ ಇಲ್ರಿ ಅವ್ವಾರ."

"ಇದೆ. ಹೇಳು."

ಹುಡುಗ ಬಹಳ ಕಷ್ಟಪಟ್ಟು ಹೇಳಿದ. "ನಾ ತಡಾ ಮಾಡಿದಾಗ ಅವರು ಕಾಯಬಾರದಿತ್ರಿ. ತಾವು ಎಳಕೊಂಡು ಹೋಗಬಹುದಿತ್ತು. ಕಾದ್ರು. ನಾ ಹೊರಗ ಹೋಗೋತನಕ ವಿಮಾನ ನೆಟ್ಟಗ ಹಿಡಿದು ಕುಂತ್ರು. ಅದ ಅವರ ತಪ್ಪು."

ಅಂಗಡಿಯ ಹೊರಗೆ ಬಸ್ಸೊಂದು ಹಾರ್ನ್ ಮಾಡಿಕೊಂಡು ತಿರುಗುತ್ತಿತ್ತು. ಟೈಲರಮ್ಮನ ಮುಖದಲ್ಲಿ ಒಂದು ವರ್ಷದಿಂದ ನಾನು ಕಾಣದಿದ್ದ ಏನೋ ಒಂದು ಬಂತು. ನಗು ಎಂದರೆ ತಪ್ಪಾಗುತ್ತದೆ, ಗುರುತು ಹಿಡಿದವರ ಮುಖ ಎಂದರೆ ಸರಿಯಾಗಬಹುದು. ಕಣ್ಣಿಂದ ನೀರು ಧಾರಾಳವಾಗಿ ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. "ಹೂಂ. ಇವನು ನನ್ನ ಮಗ" ಎಂದರು. ಆಮೇಲೆ ಹುಡುಗನನ್ನು ಕೇಳಿದರು: "ಅವನ ಜಾಗದಲ್ಲಿ ನೀನಾಗಿದ್ರೆ ಕಾಯ್ತಿರ್ಲಿಲ್ಲವ?"

ಹುಡುಗ ಮುಖ ಒರೆಸಿಕೊಂಡ. "ಕಾಯ್ತಿದ್ದೆ ರೀ."

"ಮತ್ತೆ? ಇರ್ಲಿ. ನಿಂದು ಇನ್ನೂ ಮುಗೀಲಿಲ್ಲ. ಮುಂದಿನ ಸಲ ಎಂತ ಮಾಡ್ತಿ?"

"ಮುಂದಿನ ಸಲ ಇಲ್ರಿ" ಎಂದ. "ಆವತ್ತು ಪೆಟ್ಟಾಗಿದ್ದ ಬೆನ್ನು ವಾಸಿ ಆಗೇತ್ರಿ, ಡಾಕ್ಟರು ಹಾರಬಹುದು ಅಂದಾರ. ನನಗ ಆಗಂಗಿಲ್ಲ. ನೆಲದ ಮ್ಯಾಲಿನ ಕೆಲಸ ಕೇಳಬೇಕು ಅಂತ ಮಾಡೀನಿ. ಅದಕ್ಕಿಂತ ಮೊದಲು ನಿಮಗ ಹೇಳಿ ಹೋಗೂಣು ಅಂತ ಬಂದೆ."

"ಮುಂದಿನ ಸಲ ಇಲ್ಲ ಅಂದ್ರೆ ಇದು ಡಿಬ್ರೀಫ್ ಎಂತ ಆಯ್ತು? ಸುಮ್ನೆ ಇಬ್ರು ಕೂತು ಅತ್ತ ಹಂಗಾಯ್ತು. ಅಳ್ಲಿಕ್ಕೆ ನಂಗೆ ನೀನು ಬೇಡ, ನಾನೇ ಅಳ್ತೀನಿ." ಟೈಲರಮ್ಮನ ಧ್ವನಿ ಗಟ್ಟಿಯಾಗಿತ್ತು. ಅಂಗಡಿಯಲ್ಲಿ ಹೊಲಿಗೆ ಕಲಿಯಲು ಬರುವ ಹುಡುಗಿಯರನ್ನು ತಿದ್ದುವ ಧ್ವನಿ ಅದು. "ನಿನ್ನ ತಪ್ಪು ತಿದ್ಕೊಳ್ಳೋಕೆ ನೀನಿದೀಯ. ಅವನ ತಪ್ಪಿಗೆ ಅವನಿಲ್ಲ. ಅದನ್ನ ಯಾರು ನೋಡ್ಕೊಳ್ಳೋದು? ನಾಳೆ ನೀನೂ ಯಾರಿಗೋ ಕಲಿಸ್ತಿ. ಹಾರು ಅಂದ ಕೂಡ್ಲೆ ಹಾರೋ ಹಂಗೆ ಕಲಿಸು. ನಿಂಗೆ ಕಾಯೋ ಪ್ರಸಂಗ ಬರದ ಹಂಗೆ ಕಲಿಸು. ಅಷ್ಟು ಮಾಡಿದ್ರೆ ಅವನ ಲೆಕ್ಕ ಮುಗೀತು. ನೆಲದ ಮೇಲೆ ಕೂತು ಅದನ್ನ ಮಾಡ್ಲಿಕ್ಕೆ ಆಗತ್ತನಾ?"

ಹುಡುಗ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ. ಆಮೇಲೆ, "ಮುಂದಿನ ಸಲ, ಹೇಳಿದ ಕೂಡ್ಲೇ ಎಳೀತೀನ್ರಿ" ಎಂದ.

"ಆಯ್ತು, ಮುಗೀತು. ಮೇಷ್ಟ್ರೇ, ಷಟರ್ ಎತ್ತಿ, ಚಾ ಹೇಳಿ."

ನಾನು ಚಹಾ ಹೇಳಲು ಹೊರಗೆ ಹೋದೆ. ಹೋಟೆಲಿನವನು, ಯಾರದು ಹೊಸಬರು ಎಂದು ಕೇಳಿದ. ಟೈಲರಮ್ಮನ ಮಗನ ಶಿಷ್ಯ, ವಿಮಾನ ಹಾರಿಸುವವನು ಎಂದೆ. ಇನ್ನೂ ಹಾರಿಸುತ್ತಾನಾ ಎಂದು ಅವನು ಕೇಳಿದ್ದಕ್ಕೆ, ಹಾರಿಸುತ್ತಾನೆ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹುಡುಗ ಹೊರಡುವಾಗ ಟೈಲರಮ್ಮ ಅವನ ಶರ್ಟಿನ ಭುಜ ಹಿಡಿದು ನೋಡಿ, ಯಾರು ಮಾರಾಯ ಇದನ್ನ ಹೊಲಿದದ್ದು ಎಂದು ಬೈದು, ಬಿಚ್ಚಿಸಿ, ಸರಿಮಾಡಿಕೊಟ್ಟು ಕಳಿಸಿದರು.

ಈಗ ಊರಿನಲ್ಲಿ ಯಾರಾದರೂ ಹ್ಯಾಗೆ ತೀರಿಕೊಂಡದ್ದು ಎಂದು ಕೇಳಿದರೆ ಟೈಲರಮ್ಮ ನೇರವಾಗಿ ಹೇಳುತ್ತಾರೆ: "ಹಕ್ಕಿ ಬಡೀತು. ಜೊತೆಗಿದ್ದ ಹುಡುಗ ಹೊರಗೆ ಹೋಗೋವರೆಗೆ ಕಾದ. ಅಷ್ಟೇ." ಶಾಲೆ, ವೈರಿ, ಕೈಮುಗಿದದ್ದು ಯಾವುದೂ ಅದರಲ್ಲಿಲ್ಲ. ಇದಕ್ಕಿಂತ ದೊಡ್ಡದನ್ನು ಕಟ್ಟಲು ಯಾರಿಗೂ ಆಗಿಲ್ಲ.

ಆ ಹುಡುಗ ಮತ್ತೆ ಹಾರುತ್ತಿದ್ದಾನೆ. ಮೊನ್ನೆ ಸಂಜೆ ನನ್ನದೊಂದು ಪ್ಯಾಂಟು ಕೊಡಲು ಅಂಗಡಿಗೆ ಹೋಗಿದ್ದಾಗ ಅವನ ಫೋನು ಬಂತು. ಬಹಳ ದಿನದಿಂದ ಹೀಗೆ ಬರುತ್ತಿದೆಯಂತೆ, ಹಾರಿ ಇಳಿದ ದಿನವೆಲ್ಲ. ಟೈಲರಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಬಟ್ಟೆಯ ರಾಶಿಯ ಮೇಲಿಟ್ಟರು. ಊಟ ಆಯ್ತಾ, ಹುಷಾರಾಗಿದ್ದೀಯಾ ಎಂದೇನೂ ಕೇಳಲಿಲ್ಲ. ಬಾಯಿಂದ ಸೂಜಿ ತೆಗೆದು, ಕಾಲು ಪೆಡಲಿನ ಮೇಲಿಟ್ಟುಕೊಂಡೇ ಹೇಳಿದರು:

"ಹೂಂ, ಹೇಳು. ಇವತ್ತು ಎಂತ ತಪ್ಪಾಯ್ತು?"